ಹಳೆಯ ಹೋಮ್ ಕಂಪ್ಯೂಟರಿನ ಸೀರಿಯಲ್ ಪೋರ್ಟ್: ಬೈಟು ಕಳೆದುಕೊಳ್ಳದೆ ವೇಗ ಹೆಚ್ಚಿಸುವ ಬಗೆ

ಹಳೆಯ ಹೋಮ್ ಕಂಪ್ಯೂಟರಾದ ಕಮೊಡೋರ್ 64ರ ಜೊತೆಗಿನ 1541 ಫ್ಲಾಪಿ ಡ್ರೈವಿನ ಒಂದು ಡಿಸ್ಕಿನಲ್ಲಿ 683 ಬ್ಲಾಕುಗಳಿರುತ್ತವೆ. ಬ್ಲಾಕಿಗೆ 256ರಂತೆ ಒಟ್ಟು 1,74,848 ಬೈಟುಗಳು. ಆ ಡಿಸ್ಕಿನ ಪೂರ್ಣ ಪ್ರತಿಯನ್ನು, ಬಿಟ್‌ಗಳನ್ನು ಒಂದರ ಹಿಂದೊಂದರಂತೆ ಒಯ್ಯುವ ಸೀರಿಯಲ್ ತಂತಿಯ ಮೂಲಕ ಈಗಿನ ಕಂಪ್ಯೂಟರಿಗೆ ಸಾಗಿಸಲು ಸೆಕೆಂಡಿಗೆ 2400 ಬಿಟ್, ಅಂದರೆ 2400 ಬಾಡ್‌ನಲ್ಲಿ ಹನ್ನೆರಡು ನಿಮಿಷ ಹಿಡಿಯುತ್ತದೆ, 9600ರಲ್ಲಿ ಮೂರು ನಿಮಿಷ, 38400ರಲ್ಲಿ ಮುಕ್ಕಾಲು ನಿಮಿಷ. ಎಂಟು ದತ್ತಾಂಶ ಬಿಟ್‌ಗಳ ಜೊತೆಗೆ ಒಂದು ಸ್ಟಾರ್ಟ್ ಬಿಟ್ ಮತ್ತು ಒಂದು ಸ್ಟಾಪ್ ಬಿಟ್ ಸೇರಿ ಬೈಟಿಗೆ ಹತ್ತು ಬಿಟ್‌ಗಳಾಗುವುದರಿಂದ, ಬಾಡ್ ಸಂಖ್ಯೆಯನ್ನು ಹತ್ತರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಬೈಟು ಎಂಬ ಲೆಕ್ಕ ಸಿಗುತ್ತದೆ. ಆದರೆ ಕಳುಹಿಸಿದ ಪ್ರತಿ ಬೈಟೂ ಆ ಬದಿಯಲ್ಲಿ ಯಾರದಾದರೂ ಕೈಗೆ ಸಿಕ್ಕಾಗ ಮಾತ್ರ ಈ ಲೆಕ್ಕ ನಿಜವಾಗುತ್ತದೆ. ಹತ್ತು ಬ್ಲಾಕಿಗೆ ಮೂರನ್ನು ಮರಳಿ ಕಳುಹಿಸಬೇಕಾಗಿ ಬರುವ 19200 ಬಾಡ್ ಸಂಪರ್ಕವು, ಪ್ರತಿ ಮರುಪ್ರಯತ್ನಕ್ಕೂ ಮುನ್ನ ಕೆಲವು ಸೆಕೆಂಡು ಕಾದು ಕುಳಿತು, ತಪ್ಪಿಲ್ಲದ 9600ಕ್ಕಿಂತ ಸುಲಭವಾಗಿ ಹಿಂದೆ ಬೀಳುತ್ತದೆ. ಆದ್ದರಿಂದ ಸೆಟ್ಟಿಂಗಿನಲ್ಲಿ ದೊಡ್ಡ ಸಂಖ್ಯೆಯನ್ನು ಬರೆಯುವ ಮೊದಲು ಬೈಟು ಎಲ್ಲಿ ಕಳೆದುಹೋಗುತ್ತಿದೆ ಎಂಬುದನ್ನು ಕಂಡುಕೊಳ್ಳಬೇಕು.

ಮೊದಲು ತಪ್ಪಿನ ಗುರುತು ಹಿಡಿಯುವುದು

ಪರೀಕ್ಷೆಗೆಂದು ಒಂದು ಕಡತವನ್ನು ಸಿದ್ಧಪಡಿಸಿಕೊಳ್ಳಿ. ಅದರಲ್ಲಿ 0ಯಿಂದ 255ರವರೆಗಿನ ಎಲ್ಲ ಬೆಲೆಗಳೂ ಕ್ರಮವಾಗಿ ಬರಬೇಕು, ಆ ಸಾಲು ನೂರಾರು ಬಾರಿ ಪುನರಾವರ್ತನೆಯಾಗಬೇಕು. ಇದನ್ನು ಯಾವ ಪ್ರೋಟೋಕಾಲೂ (ಕಡತವನ್ನು ತುಂಡು ಮಾಡಿ, ಪರೀಕ್ಷಿಸಿ ಸಾಗಿಸುವ ನಿಯಮಗಳು) ಇಲ್ಲದೆ ನೇರವಾಗಿ ಹಳೆಯ ಯಂತ್ರಕ್ಕೆ ಕಳುಹಿಸಿ, ಅಲ್ಲಿ ಬಂದದ್ದನ್ನು ಮೆಮೊರಿಯಲ್ಲಿ ಹಾಗೆಯೇ ಇರಿಸಿಕೊಂಡು, ಬಳಿಕ ಒಂದೊಂದನ್ನೇ ಹೋಲಿಸಿ ನೋಡಬೇಕು. ಎಕ್ಸ್‌ಮೋಡೆಮ್‌ನಂತಹ ಪ್ರೋಟೋಕಾಲನ್ನು ಈ ಹಂತದಲ್ಲಿ ಬಳಸಬಾರದು. ಅದು ತಪ್ಪನ್ನು ತಿದ್ದುವಾಗ ತಪ್ಪಿನ ರೂಪವನ್ನೂ ಅಳಿಸಿಬಿಡುತ್ತದೆ, ನಮಗೆ ಬೇಕಾಗಿರುವುದು ಆ ರೂಪವೇ.

ಎರಡು ಬಗೆಯ ತಪ್ಪುಗಳನ್ನು ಬೇರೆ ಮಾಡಿ ನೋಡಬೇಕು. 65, 66, 68, 69 ಎಂದು ಬಂದರೆ ನಡುವೆ ಒಂದು ಬೈಟು ಇಲ್ಲವಾಗಿದೆ, ಉಳಿದವೆಲ್ಲ ಸರಿಯಾಗಿವೆ. ಇದು ತಡವಾಗಿ ಬಂದ ಪ್ರೊಸೆಸರಿನ ಗುರುತು: ಬೈಟು ತಂತಿಯಲ್ಲಿ ಸುರಕ್ಷಿತವಾಗಿಯೇ ಬಂದಿತ್ತು, ಎತ್ತಿಕೊಳ್ಳುವವರು ಇರಲಿಲ್ಲ. 65, 66, 195, 68 ಎಂದು ಬಂದರೆ ಬೈಟಿನ ಬೆಲೆಯೇ ಬದಲಾಗಿದೆ. ಇದಕ್ಕೆ ಎರಡು ಬದಿಯ ಗಡಿಯಾರಗಳ ಹೊಂದಾಣಿಕೆಯಿಲ್ಲದಿರುವುದು, ಸೋತ ವೋಲ್ಟೇಜ್ ಅಥವಾ ಬಿಟ್‌ಗಳನ್ನು ಸಾಫ್ಟ್‌ವೇರಿನಲ್ಲೇ ಎಣಿಸುವ ಯಂತ್ರದಲ್ಲಿ ಎಣಿಕೆ ಜಾರಿರುವುದು ಕಾರಣ. ಬೈಟು ಇಲ್ಲವಾಗುವ ಜಾಗಗಳ ನಡುವಿನ ಅಂತರವೂ ಮಾತನಾಡುತ್ತದೆ. 9600 ಬಾಡ್‌ನಲ್ಲಿ ಹದಿನಾರು ಬೈಟಿಗೊಮ್ಮೆ ಒಂದು ಬೈಟು ಮಾಯವಾಗುತ್ತಿದ್ದರೆ ಸೆಕೆಂಡಿಗೆ 60 ಬಾರಿ ಬರುವ ಇಂಟರಪ್ಟ್ (ಪ್ರೊಸೆಸರನ್ನು ಕೈಯಲ್ಲಿರುವ ಕೆಲಸದಿಂದ ಬೇರೆಡೆಗೆ ಕರೆಯುವ ಸಂಕೇತ) ಕಾರಣ. ಹತ್ತೊಂಬತ್ತು ಬೈಟಿಗೊಮ್ಮೆಯಾದರೆ 50 ಬಾರಿ ಬರುವುದು. ಇಷ್ಟನ್ನು ಕಾಗದದ ಮೇಲೆ ಬರೆದುಕೊಂಡರೆ ಮುಂದಿನ ಅರ್ಧ ಕೆಲಸ ತಾನಾಗಿ ಮುಗಿಯುತ್ತದೆ.

ತಂತಿ ಮತ್ತು ವೋಲ್ಟೇಜ್

ಸೀರಿಯಲ್ ಸಂಪರ್ಕದ ಮಾನದಂಡವಾದ ಆರ್‌ಎಸ್-232ರ ತಂತಿಯಲ್ಲಿ ಋಣ ವೋಲ್ಟೇಜ್ 1ನ್ನೂ ಧನ ವೋಲ್ಟೇಜ್ 0ಯನ್ನೂ ಸೂಚಿಸುತ್ತದೆ, ಕಳುಹಿಸುವ ಬದಿಯಲ್ಲಿ ಅದು 5ರಿಂದ 15 ವೋಲ್ಟ್‌ವರೆಗೆ ಇರಬಹುದು. ಕಮೊಡೋರ್ 64ರ ಯೂಸರ್ ಪೋರ್ಟ್‌ನಲ್ಲಿ ಇರುವುದು 0 ಮತ್ತು 5 ವೋಲ್ಟ್‌ಗಳ ಸಂಕೇತ ಮಾತ್ರ. ಇವೆರಡನ್ನೂ ನೇರವಾಗಿ ಜೋಡಿಸಿದರೆ ಪೋರ್ಟಿನ ಹಿಂದಿರುವ 6526 ಚಿಪ್ಪು ಸುಟ್ಟುಹೋಗುವುದು ಬಹುತೇಕ ಖಚಿತ, ಮತ್ತು ಅದು ಇಂದು ಸುಲಭವಾಗಿ ಸಿಗುವ ಚಿಪ್ಪಲ್ಲ. ಅದೇ ಪೋರ್ಟಿನ 10 ಮತ್ತು 11ನೇ ಸಂಪರ್ಕಗಳಲ್ಲಿ 9 ವೋಲ್ಟ್ ಎಸಿ ಹರಿಯುತ್ತಿರುತ್ತದೆ ಎಂಬುದನ್ನೂ ಮರೆಯಬಾರದು. ಕನೆಕ್ಟರನ್ನು ತಲೆಕೆಳಗಾಗಿ ಸಿಕ್ಕಿಸಿದರೆ ಅದು ಹೋಗಬಾರದ ಕಡೆಗೆ ಹೋಗುತ್ತದೆ. ಯಂತ್ರವನ್ನು ಆರಿಸದೆ ಇಲ್ಲಿ ಏನನ್ನೂ ಜೋಡಿಸಬೇಡಿ, ಕಳಚಲೂ ಬೇಡಿ.

ನಡುವೆ ಮ್ಯಾಕ್ಸ್232 ಬಗೆಯ ಪರಿವರ್ತಕ ಚಿಪ್ಪು ಇರಬೇಕು. ಇದು 5 ವೋಲ್ಟ್‌ನಿಂದಲೇ ಬೇಕಾದ ಧನ ಋಣ ವೋಲ್ಟೇಜನ್ನು ಕೆಪಾಸಿಟರುಗಳ ನೆರವಿನಿಂದ ತಯಾರಿಸಿಕೊಳ್ಳುತ್ತದೆ. ಮೂಲ ಮ್ಯಾಕ್ಸ್232ಕ್ಕೆ 1 ಮೈಕ್ರೋಫ್ಯಾರಡ್ ಕೆಪಾಸಿಟರುಗಳು ಬೇಕು, ಹೆಸರಿನ ಕೊನೆಯಲ್ಲಿ ಎ ಅಕ್ಷರವಿರುವ ಚಿಪ್ಪಿಗೆ 0.1 ಮೈಕ್ರೋಫ್ಯಾರಡ್ ಸಾಕು. ಮೊದಲನೆಯದಕ್ಕೆ ಎರಡನೆಯದರ ಕೆಪಾಸಿಟರ್ ಹಾಕಿದ ಮಂಡಲವು 1200ರಲ್ಲಿ ಕೆಲಸ ಮಾಡಿ, ವೇಗ ಏರಿಸಿದಾಗ ಕೈಕೊಡಬಹುದು. ಸಂಪರ್ಕ ಸುಮ್ಮನಿರುವಾಗ ಕಳುಹಿಸುವ ತಂತಿಯ ಮೇಲೆ ಮಲ್ಟಿಮೀಟರ್ ಇಟ್ಟು ನೋಡಿ: ಋಣ 7ರ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ, ಋಣ 4ಕ್ಕೆ ಇಳಿದಿದ್ದರೆ ಕೆಪಾಸಿಟರುಗಳನ್ನು ಬದಲಾಯಿಸುವವರೆಗೆ ಸಾಫ್ಟ್‌ವೇರನ್ನು ಮುಟ್ಟಬೇಡಿ.

ತಂತಿಯ ಉದ್ದ ಮನೆಯೊಳಗಿನ ಬಳಕೆಗೆ ಸಾಮಾನ್ಯವಾಗಿ ತೊಡಕಾಗುವುದಿಲ್ಲ. ಹಳೆಯ ಆರ್‌ಎಸ್-232-ಸಿ ಮಾನದಂಡವು ಸೆಕೆಂಡಿಗೆ 20,000 ಬಿಟ್‌ಗಳಿಗೆ ಸುಮಾರು 15 ಮೀಟರ್ ಉದ್ದವನ್ನು ಒಪ್ಪಿತ್ತು. 115200ರಲ್ಲಿ ಎರಡು ಮೀಟರಿಗೆ ಮಿತಿಗೊಳಿಸಿಕೊಳ್ಳುವುದು ನನ್ನ ಅಭ್ಯಾಸ.

ಗಡಿಯಾರದ ಲೆಕ್ಕ

ಸೀರಿಯಲ್ ಸಂಪರ್ಕದಲ್ಲಿ ಎರಡು ಬದಿಗಳ ನಡುವೆ ಗಡಿಯಾರದ ತಂತಿ ಇರುವುದಿಲ್ಲ. ಸ್ಟಾರ್ಟ್ ಬಿಟ್ ಬಿದ್ದ ಕ್ಷಣದಿಂದ ಪಡೆಯುವವನು ತನ್ನ ಗಡಿಯಾರದಲ್ಲೇ ಎಣಿಸುತ್ತ, ಪ್ರತಿ ಬಿಟ್ಟಿನ ನಡುಮಧ್ಯದಲ್ಲಿ ತಂತಿಯನ್ನು ನೋಡುತ್ತಾನೆ. ಸ್ಟಾಪ್ ಬಿಟ್ಟಿನ ನಡುಮಧ್ಯ ಬರುವುದು ಒಂಬತ್ತೂವರೆ ಬಿಟ್ ಕಾಲದ ನಂತರ. ಅಷ್ಟರಲ್ಲಿ ಎಣಿಕೆ ಅರ್ಧ ಬಿಟ್ಟಿನಷ್ಟು ಜಾರಿದರೆ ಬೈಟು ಕೆಡುತ್ತದೆ. ಅಂದರೆ ಎರಡೂ ಬದಿಯ ತಪ್ಪುಗಳನ್ನು ಕೂಡಿದರೂ ಶೇಕಡಾ 5ನ್ನು ಮುಟ್ಟಬಾರದು, ಇತರ ಸಣ್ಣ ದೋಷಗಳಿಗೆ ಜಾಗ ಬಿಟ್ಟರೆ ಒಂದೊಂದು ಬದಿಗೆ ಶೇಕಡಾ 2ರೊಳಗೆ ಇರಬೇಕು. ಆರಂಭದ ಆಪಲ್ ಟೂಸಿ ಯಂತ್ರಗಳಲ್ಲಿ ಸೀರಿಯಲ್ ಗಡಿಯಾರವನ್ನು 14.318 ಮೆಗಾಹರ್ಟ್ಸ್‌ನ ಮುಖ್ಯ ಗಡಿಯಾರದಿಂದಲೇ ಎಂಟರಿಂದ ಭಾಗಿಸಿ ಪಡೆದಿದ್ದರು; ಬೇಕಾಗಿದ್ದದ್ದು 1.8432, ಸಿಕ್ಕಿದ್ದು ಸುಮಾರು 1.79. ಆ ಶೇಕಡಾ 3ರ ನಿಧಾನಗತಿಯಿಂದಾಗಿ ಕೆಲವು ಸಾಧನಗಳೊಂದಿಗೆ ಅವು ಹೊಂದಿಕೊಳ್ಳಲಿಲ್ಲ. ಇದನ್ನು ಯಾವ ಸಾಫ್ಟ್‌ವೇರೂ ಸರಿಪಡಿಸಲಾರದು, ಆದರೆ ಎದುರು ಬದಿಯ ಹೊಸ ಕಂಪ್ಯೂಟರಿನಲ್ಲಿ ಯುಎಸ್‌ಬಿ ಅಡಾಪ್ಟರಿಗೆ 9600ರ ಬದಲು 9320 ಎಂಬಂತಹ ವಿಚಿತ್ರ ಸಂಖ್ಯೆಯನ್ನು ಕೊಟ್ಟು ಹೊಂದಿಸಲು ಸಾಧ್ಯವಿದೆ. ಹಲವು ಅಡಾಪ್ಟರುಗಳು ಇಂತಹ ಸಂಖ್ಯೆಗಳನ್ನೂ ಒಪ್ಪುತ್ತವೆ.

ನಿಮ್ಮ ಯಂತ್ರದ ನಿಜವಾದ ವೇಗವನ್ನು ತಿಳಿಯಲು ಒಂದು ಸುಲಭ ಉಪಾಯವಿದೆ. ಇಂಗ್ಲಿಷಿನ ದೊಡ್ಡ ಯು ಅಕ್ಷರದ ಸಂಖ್ಯೆ 85. ಎರಡರ ಪದ್ಧತಿಯಲ್ಲಿ ಅದು 01010101. ಕೆಳಗಿನ ಬಿಟ್ ಮೊದಲು ಹೊರಡುವುದರಿಂದ ತಂತಿಯ ಮೇಲೆ 1, 0, 1, 0 ಎಂದು ಎಂಟು ಬಿಟ್‌ಗಳು ಸಾಲಾಗಿ ಬರುತ್ತವೆ. ಅದರ ಮುಂದೆ ಸ್ಟಾರ್ಟ್ ಬಿಟ್ಟಿನ 0, ಹಿಂದೆ ಸ್ಟಾಪ್ ಬಿಟ್ಟಿನ 1 ಸೇರಿದಾಗ ಹತ್ತೂ ಬಿಟ್‌ಗಳು ಒಂದಾದ ಮೇಲೊಂದು ಬದಲಾಗುವ ಸೊಗಸಾದ ಚೌಕ ಅಲೆಯಾಗುತ್ತದೆ. ಯು ಅಕ್ಷರವನ್ನು ಬಿಡುವಿಲ್ಲದೆ ಕಳುಹಿಸುತ್ತ ಆ ತಂತಿಗೆ ಆವರ್ತನ ಅಳೆಯುವ ಮಲ್ಟಿಮೀಟರ್ ಹಿಡಿದರೆ 9600 ಬಾಡ್‌ಗೆ 4800 ಹರ್ಟ್ಸ್ ಎಂದು ತೋರಬೇಕು. 4656 ಎಂದು ತೋರಿದರೆ ಯಂತ್ರ ಶೇಕಡಾ 3ರಷ್ಟು ಹಿಂದಿದೆ. ಅಕ್ಷರಗಳ ನಡುವೆ ಬಿಡುವು ಬಿದ್ದರೆ ಅಳತೆ ಕೆಡುವುದರಿಂದ ಇದನ್ನು ಬೇಸಿಕ್‌ನಲ್ಲಿ ಮಾಡದೆ ಯಂತ್ರಭಾಷೆಯ ಚಿಕ್ಕ ಸುತ್ತಿನಲ್ಲಿ ಮಾಡುವುದು ಒಳ್ಳೆಯದು.

ಅಮಿಗಾದಂತಹ ಯಂತ್ರದಲ್ಲಿ ಇದನ್ನು ಅಳೆಯದೆಯೂ ಲೆಕ್ಕ ಹಾಕಬಹುದು. ಪಾಲ್ ಟಿವಿ ಪದ್ಧತಿಯ ಮಾದರಿಯಲ್ಲಿ ಪೌಲಾ ಚಿಪ್ಪಿನ ಸೀರಿಯಲ್ ಗಡಿಯಾರ 35,46,895 ಹರ್ಟ್ಸ್. ಅದನ್ನು ಪೂರ್ಣಾಂಕದಿಂದ ಮಾತ್ರ ಭಾಗಿಸಲು ಬರುತ್ತದೆ. 31ರಿಂದ ಭಾಗಿಸಿದರೆ 1,14,416 ಸಿಗುತ್ತದೆ, ಬೇಕಾದ 1,15,200ಕ್ಕಿಂತ ಶೇಕಡಾ 0.7ರಷ್ಟು ಮಾತ್ರ ಕಡಿಮೆ. ಹಾಗಾಗಿ ಅಮಿಗಾದಲ್ಲಿ ಅತಿ ವೇಗ ಸೋತರೆ ಗಡಿಯಾರವನ್ನು ದೂರಬೇಕಿಲ್ಲ.

ಬಿಟ್ ಹಿಡಿಯುವವರು ಯಾರು

ಇಡೀ ವಿಷಯದ ತಿರುಳು ಇಲ್ಲಿದೆ. ತಂತಿಯ ಮೇಲಿನ ಬಿಟ್‌ಗಳನ್ನು ಒಂದು ಪ್ರತ್ಯೇಕ ಚಿಪ್ಪು ಹಿಡಿದು ಬೈಟಾಗಿ ಜೋಡಿಸಿಕೊಡುತ್ತಿದೆಯೇ, ಇಲ್ಲವೆ ಪ್ರೊಸೆಸರೇ ತಂತಿಯ ಮುಂದೆ ಕುಳಿತು ಒಂದೊಂದನ್ನೂ ಎಣಿಸುತ್ತಿದೆಯೇ ಎಂಬುದು ನಿಮ್ಮ ಯಂತ್ರದ ಮಿತಿಯನ್ನು ನಿರ್ಧರಿಸುತ್ತದೆ.

ಕಮೊಡೋರ್ 64ರಲ್ಲಿ ಎಣಿಸುವುದು ಪ್ರೊಸೆಸರೇ. ಅದರ ಓದಲು ಮಾತ್ರ ಬರುವ ಮೆಮೊರಿಯಲ್ಲಿ (ರಾಮ್, ROM) ಇರುವ ಕರ್ನಲ್ ಎಂಬ ಮೂಲ ತಂತ್ರಾಂಶವು 6526ರ ಟೈಮರನ್ನು ಬಳಸಿ ಪ್ರತಿ ಬಿಟ್ಟಿಗೂ ಒಂದು ಎನ್‌ಎಂಐ (ತಡೆಹಿಡಿಯಲಾಗದ) ಇಂಟರಪ್ಟ್ ಎಬ್ಬಿಸುತ್ತದೆ. ಪಾಲ್ ಯಂತ್ರದ ಪ್ರೊಸೆಸರ್ ಸೆಕೆಂಡಿಗೆ 9,85,248 ಸೈಕಲ್ ಓಡುತ್ತದೆ. 2400 ಬಾಡ್‌ನಲ್ಲಿ ಒಂದು ಬಿಟ್ಟಿಗೆ 410 ಸೈಕಲ್ ಸಿಗುತ್ತವೆ, 9600ರಲ್ಲಿ 103 ಮಾತ್ರ. ಇದರ ನಡುವೆ ಪರದೆಯನ್ನು ಚಿತ್ರಿಸುವ ವಿಐಸಿ-2 ಚಿಪ್ಪು ಪ್ರತಿ ಎಂಟನೇ ಗೆರೆಯಲ್ಲಿ ಅಕ್ಷರಗಳನ್ನು ಓದಿಕೊಳ್ಳಲು ಪ್ರೊಸೆಸರನ್ನು ನಲವತ್ತಕ್ಕೂ ಹೆಚ್ಚು ಸೈಕಲ್ ನಿಲ್ಲಿಸಿಬಿಡುತ್ತದೆ. ಸ್ಪ್ರೈಟುಗಳು (ಪರದೆಯ ಮೇಲೆ ಚಲಿಸುವ ಚಿಕ್ಕ ಚಿತ್ರಗಳು) ಇದ್ದರೆ ಇನ್ನಷ್ಟು. 410ರಲ್ಲಿ ನಲವತ್ತು ಹೋದರೆ ಹೇಗೋ ಸುಧಾರಿಸಿಕೊಳ್ಳಬಹುದು, 103ರಲ್ಲಿ ನಲವತ್ತು ಹೋದರೆ ಬಿಟ್ಟಿನ ನಡುಮಧ್ಯ ಎಲ್ಲಿದೆಯೆಂದು ಯಾರಿಗೂ ತಿಳಿಯುವುದಿಲ್ಲ. ಹಾಗಾಗಿ ಮೂಲ ಕರ್ನಲ್‌ನಲ್ಲಿ 1200 ನೆಮ್ಮದಿಯ ವೇಗ, 2400 ಹೆಣಗಾಟದ ವೇಗ. ಸ್ಪ್ರೈಟುಗಳನ್ನು ಆರಿಸಿ, ಸಾಗಣೆಯ ಹೊತ್ತಿನಲ್ಲಿ 53265ನೇ ವಿಳಾಸದ ನಾಲ್ಕನೇ ಬಿಟ್ಟನ್ನು ಸೊನ್ನೆ ಮಾಡಿ ಪರದೆಯನ್ನೇ ಮುಚ್ಚಿದರೆ, ಅಂದರೆ ಅಲ್ಲಿರುವ ಬೆಲೆಯನ್ನು 239ರೊಂದಿಗೆ ಆ್ಯಂಡ್ ಮಾಡಿ ಮರಳಿ ಪೋಕ್ ಮಾಡಿದರೆ, ಈ ಹೆಣಗಾಟ ಬಹಳ ಮಟ್ಟಿಗೆ ತಗ್ಗುತ್ತದೆ. ಒಂದು ರೂಪಾಯಿಯ ಖರ್ಚೂ ಇಲ್ಲದ ಸುಧಾರಣೆಯಾದ್ದರಿಂದ ಇದನ್ನೇ ಮೊದಲು ಮಾಡಿ ನೋಡಬೇಕು.

ಮುಂದಿನ ಹೆಜ್ಜೆ ಯುಪಿ9600 ಎಂಬ ಜಾಣ ಉಪಾಯ. 6526 ಚಿಪ್ಪಿನಲ್ಲಿ ಎಂಟು ಬಿಟ್‌ಗಳ ಶಿಫ್ಟ್ ರಿಜಿಸ್ಟರ್, ಅಂದರೆ ಬಿಟ್‌ಗಳನ್ನು ಒಂದೊಂದಾಗಿ ಒಳಗೆಳೆಯುವ ಇಲ್ಲವೆ ಹೊರತಳ್ಳುವ ಕೋಣೆ, ಒಂದಿದೆ. ಕಮೊಡೋರ್ 64ರಲ್ಲಿ ಅಂತಹ ಚಿಪ್ಪುಗಳು ಎರಡಿರುವುದರಿಂದ ಒಂದನ್ನು ಕಳುಹಿಸಲು, ಇನ್ನೊಂದನ್ನು ಪಡೆಯಲು ದುಡಿಸಿಕೊಳ್ಳಬಹುದು ಎಂಬುದೇ ಇದರ ಹಿಂದಿನ ಆಲೋಚನೆ. ಯೂಸರ್ ಪೋರ್ಟಿನ ಮೇಲಿನ ಸಾಲಿಗೆ ಸಂಖ್ಯೆಗಳ ಹೆಸರು, ಕೆಳಗಿನ ಸಾಲಿಗೆ ಅಕ್ಷರಗಳ ಹೆಸರು. ಕನೆಕ್ಟರಿನ ಒಳಗೆ ಎಂ ಅನ್ನು 5ಕ್ಕೆ ಬೆಸೆಯಬೇಕು, ಇದು ಕಳುಹಿಸುವ ದಾರಿ. ಬಿ, ಸಿ ಮತ್ತು 7ನ್ನು ಒಂದಾಗಿ ಬೆಸೆಯಬೇಕು, ಇದು ಪಡೆಯುವ ದಾರಿ. ಎಲ್ ಅನ್ನು 6ಕ್ಕೆ ಬೆಸೆಯಬೇಕು. ಸ್ಟಾರ್ಟ್ ಬಿಟ್ ಬಂದಾಗ ಬಿ ಸಂಪರ್ಕವು ಪ್ರೊಸೆಸರನ್ನು ಎಚ್ಚರಿಸುತ್ತದೆ, ಟೈಮರ್ ಆರಂಭವಾಗಿ ಅದರ ಮಿಡಿತವು ಎಲ್‌ನಿಂದ ಹೊರಟು 6ರ ಮೂಲಕ ಒಳಬರುತ್ತದೆ, ಆ ಮಿಡಿತಕ್ಕೆ ತಕ್ಕಂತೆ 7ರ ಹಿಂದಿನ ಶಿಫ್ಟ್ ರಿಜಿಸ್ಟರು ಎಂಟು ಬಿಟ್‌ಗಳನ್ನು ತಾನೇ ಒಳಗೆಳೆದುಕೊಳ್ಳುತ್ತದೆ. ಪ್ರೊಸೆಸರಿಗೆ ಬೈಟೊಂದಕ್ಕೆ ಹತ್ತು ಬಾರಿಯ ಬದಲು ಎರಡು ಬಾರಿ ಏಳುವ ಕೆಲಸ ಮಾತ್ರ ಉಳಿಯುತ್ತದೆ, ಪರದೆ ಮುಚ್ಚದೆಯೂ 9600 ಸಿಗುತ್ತದೆ. ಮೂರು ತುಂಡು ತಂತಿಗೆ ನಾಲ್ಕು ಪಟ್ಟು ವೇಗ! ಆದರೆ ನೀವು ಬಳಸುವ ಟರ್ಮಿನಲ್ ತಂತ್ರಾಂಶದಲ್ಲಿ ಯುಪಿ9600ಕ್ಕೆ ಚಾಲಕ ಇರಬೇಕು. ಬೇಸಿಕ್‌ನ ಸಾಮಾನ್ಯ ಓಪನ್ ಆಜ್ಞೆಗೆ ಈ ತಂತಿಗಳ ಪರಿವೆಯೇ ಇರುವುದಿಲ್ಲ.

ಅದಕ್ಕೂ ಮೇಲೆ ಹೋಗಬೇಕಾದರೆ ಸ್ವಿಫ್ಟ್‌ಲಿಂಕ್ ಬಗೆಯ ಕಾರ್ಟ್ರಿಡ್ಜ್ ಬೇಕು. ಅದರೊಳಗೆ 6551 ಎಂಬ ಸೀರಿಯಲ್ ಚಿಪ್ಪು ಇದೆ. ಆ ಚಿಪ್ಪಿಗೆ ವಾಡಿಕೆಯಂತೆ 1.8432 ಮೆಗಾಹರ್ಟ್ಸ್ ಕ್ರಿಸ್ಟಲ್ ಹಾಕಿದರೆ ಗರಿಷ್ಠ ವೇಗ 19200, ಸ್ವಿಫ್ಟ್‌ಲಿಂಕ್‌ನಲ್ಲಿ 3.6864ರ ಕ್ರಿಸ್ಟಲ್ ಇರುವುದರಿಂದ ಎಲ್ಲ ವೇಗಗಳೂ ಇಮ್ಮಡಿಯಾಗಿ 38400 ಸಿಗುತ್ತದೆ. ಸೆಟ್ಟಿಂಗಿನಲ್ಲಿ 4800 ಎಂದಿದ್ದರೆ ತಂತಿಯಲ್ಲಿ 9600 ಓಡುತ್ತಿರುತ್ತದೆ ಎಂಬುದನ್ನು ನೆನಪಿನಲ್ಲಿಡಬೇಕು.

ಜೆಡ್‌ಎಕ್ಸ್ ಸ್ಪೆಕ್ಟ್ರಂ ಕೂಡ ಬಿಟ್‌ಗಳನ್ನು ತಾನೇ ಎಣಿಸುವ ಯಂತ್ರ. 1983ರಲ್ಲಿ ಬಂದ ಇಂಟರ್‌ಫೇಸ್ 1ರಲ್ಲಿ 19200ರವರೆಗೆ ವೇಗವನ್ನು ಆರಿಸಬಹುದಾದರೂ ಹಿಂದೆ ಸೀರಿಯಲ್ ಚಿಪ್ಪು ಇಲ್ಲ. 3.5 ಮೆಗಾಹರ್ಟ್ಸ್‌ನ ಜೆಡ್80ಕ್ಕೆ 9600ರಲ್ಲಿ ಬಿಟ್ಟಿಗೆ 364 ಸೈಕಲ್ ಸಿಗುತ್ತವೆ. ಸ್ವಂತ ಪಡೆಯುವ ಸುತ್ತನ್ನು ಬರೆಯುವವರು ಅದನ್ನು 32768ನೇ ವಿಳಾಸದ ಮೇಲೆಯೇ ಇರಿಸಬೇಕು. ಅದರ ಕೆಳಗಿನ 16 ಕಿಲೋಬೈಟ್ ಮೆಮೊರಿಯನ್ನು ಪರದೆ ಚಿತ್ರಿಸುವ ಯುಎಲ್‌ಎ ಹಂಚಿಕೊಳ್ಳುವುದರಿಂದ ಅಲ್ಲಿ ಓಡುವ ಪ್ರೋಗ್ರಾಮಿನ ಸೈಕಲ್ ಎಣಿಕೆ ನಂಬುವಂತಿಲ್ಲ. ಸೆಕೆಂಡಿಗೆ 50 ಬಾರಿ ಬರುವ ಇಂಟರಪ್ಟನ್ನೂ ಸಾಗಣೆ ಮುಗಿಯುವವರೆಗೆ ನಿಲ್ಲಿಸಬೇಕು.

ಸೀರಿಯಲ್ ಚಿಪ್ಪು ಇರುವ ಯಂತ್ರಗಳ ಕಷ್ಟ ಬೇರೆ. 6551, 6850, ಅಮಿಗಾದ ಪೌಲಾ, ಇವೆಲ್ಲವೂ ಬಂದ ಬೈಟನ್ನು ಒಂದೇ ಒಂದು ಕೋಣೆಯಲ್ಲಿ ಇರಿಸುತ್ತವೆ. ಮುಂದಿನ ಬೈಟು ಪೂರ್ತಿಯಾಗುವುದರೊಳಗೆ ಅದನ್ನು ಎತ್ತಿಕೊಳ್ಳದಿದ್ದರೆ ಒಂದು ಬೈಟು ಹೋಯಿತು. 115200ರಲ್ಲಿ ಆ ಅವಧಿ 87 ಮೈಕ್ರೋಸೆಕೆಂಡ್. ಒಂದು ಮೆಗಾಹರ್ಟ್ಸ್‌ನ 6502 ಪ್ರೊಸೆಸರಿಗೆ ಅದು ಸುಮಾರು 87 ಸೈಕಲ್, ಅಂದರೆ ಇಪ್ಪತ್ತು ಇಪ್ಪತ್ತೈದು ಆಜ್ಞೆಗಳು. ಇಂಟರಪ್ಟ್ ಎಬ್ಬಿಸಿ, ರಿಜಿಸ್ಟರುಗಳನ್ನು ಉಳಿಸಿ, ಬಫರಿಗೆ (ಬಂದ ಬೈಟುಗಳನ್ನು ತಾತ್ಕಾಲಿಕವಾಗಿ ಇಡುವ ಮೆಮೊರಿ) ಬರೆದು, ಮರಳಿ ಬರಲು ಇದು ಸಾಲದು. ಆದರೆ ಎಲ್ಲ ಇಂಟರಪ್ಟುಗಳನ್ನೂ ನಿಲ್ಲಿಸಿ, ಬೇರೆ ಏನನ್ನೂ ಮಾಡದೆ, ಸ್ಟೇಟಸ್ ರಿಜಿಸ್ಟರನ್ನು ನೋಡುತ್ತ ಕುಳಿತ ಬಿಗಿಯಾದ ಸುತ್ತಿಗೆ ಇದು ಧಾರಾಳವಾಗಿ ಸಾಕು. ಆಪಲ್ ಟೂ ಯಂತ್ರದ ಸೂಪರ್ ಸೀರಿಯಲ್ ಕಾರ್ಡಿನಲ್ಲಿ ಎಡಿಟಿಪ್ರೋ ತಂತ್ರಾಂಶ 115200ರಲ್ಲಿ ಡಿಸ್ಕುಗಳನ್ನು ಸಾಗಿಸುವುದು ಹೀಗೆಯೇ. ಆ ವೇಗ ಕಾರ್ಡಿನ ಸ್ವಿಚ್‌ಗಳಲ್ಲಿ ಇಲ್ಲ. 6551ರ ಕಂಟ್ರೋಲ್ ರಿಜಿಸ್ಟರಿನ ವೇಗದ ನಾಲ್ಕು ಬಿಟ್‌ಗಳನ್ನು ಸೊನ್ನೆ ಮಾಡಿದಾಗ ಚಿಪ್ಪು ತನ್ನ 1.8432 ಮೆಗಾಹರ್ಟ್ಸ್ ಗಡಿಯಾರವನ್ನು ಹದಿನಾರರಿಂದ ಮಾತ್ರ ಭಾಗಿಸಿ 115200ನ್ನು ಕೊಡುತ್ತದೆ.

6551ರ ಸ್ಟೇಟಸ್ ರಿಜಿಸ್ಟರನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಅದರ 1ನೇ ಬಿಟ್, ಸ್ಟಾಪ್ ಬಿಟ್ ಇರಬೇಕಾದ ಕಡೆ ಸಿಗದ ಫ್ರೇಮಿಂಗ್ ತಪ್ಪನ್ನೂ 2ನೇ ಬಿಟ್, ಬೈಟನ್ನು ಎತ್ತಿಕೊಳ್ಳುವ ಮೊದಲೇ ಮುಂದಿನದು ಬಂದ ಓವರ್‌ರನ್ ತಪ್ಪನ್ನೂ ತೋರಿಸುತ್ತದೆ. ನಾನು ಬರೆಯುವ ಪ್ರತಿ ಪಡೆಯುವ ಸುತ್ತಿನಲ್ಲೂ ಓವರ್‌ರನ್ ಕಂಡಾಗ ಪರದೆಯ ಅಂಚಿನ ಬಣ್ಣ ಕೆಂಪಾಗುವಂತೆ ಎರಡು ಆಜ್ಞೆಗಳನ್ನು ಸೇರಿಸುತ್ತೇನೆ. ತಪ್ಪು ಯಾವ ಕ್ಷಣದಲ್ಲಿ ಆಯಿತೆಂಬುದು ಕಣ್ಣಿಗೇ ಕಾಣುತ್ತದೆ. ಈಚೆಗೆ ತಯಾರಾದ 65ಸಿ51ಎನ್ ಚಿಪ್ಪನ್ನು ಬದಲಿಯಾಗಿ ಹಾಕಿದವರು ಇನ್ನೊಂದು ವಿಷಯ ತಿಳಿದಿರಬೇಕು: ಕಳುಹಿಸುವ ಕೋಣೆ ಖಾಲಿಯಾಗಿದೆ ಎಂದು ಹೇಳಬೇಕಾದ 4ನೇ ಬಿಟ್ ಅದರಲ್ಲಿ ಯಾವಾಗಲೂ 1 ಎಂದೇ ತೋರುತ್ತದೆ. ಅದನ್ನು ನಂಬಿ ಬರೆದರೆ ಹಿಂದಿನ ಬೈಟಿನ ಮೇಲೆಯೇ ಮುಂದಿನದು ಬೀಳುತ್ತದೆ, ಆದ್ದರಿಂದ ಪ್ರತಿ ಬೈಟಿನ ನಂತರ ಒಂದು ಬೈಟಿನ ಕಾಲವನ್ನು ಎಣಿಸಿ ಕಾಯಬೇಕಾಗುತ್ತದೆ.

ಅಮಿಗಾದಲ್ಲಿ ಪರದೆಯ ಬಣ್ಣಗಳನ್ನು ಕಡಿಮೆ ಮಾಡುವುದು ಅತ್ಯಂತ ಅಗ್ಗದ ಮದ್ದು. ಹಳೆಯ ಚಿಪ್‌ಸೆಟ್ಟಿನಲ್ಲಿ ಹೈ-ರೆಸ್ 16 ಬಣ್ಣದ ಪರದೆಯು ಚಿತ್ರ ಬಿಡಿಸುವಷ್ಟೂ ಹೊತ್ತು ಚಿಪ್ ಮೆಮೊರಿಯ ದಾರಿಯನ್ನು ಪೂರ್ತಿ ಆಕ್ರಮಿಸಿಕೊಳ್ಳುತ್ತದೆ. ನಾಲ್ಕು ಅಥವಾ ಎರಡು ಬಣ್ಣಕ್ಕೆ ಇಳಿಸಿದರೆ ಪ್ರೊಸೆಸರಿಗೆ ಉಸಿರಾಡಲು ಜಾಗ ಸಿಗುತ್ತದೆ. ಪ್ರೊಸೆಸರಿಗಷ್ಟೇ ಮೀಸಲಾದ ಫಾಸ್ಟ್ ಮೆಮೊರಿ ಇದ್ದರೆ ಇನ್ನೂ ಒಳ್ಳೆಯದು. ಮೂಲ ಸೀರಿಯಲ್ ಡಿವೈಸ್‌ನ ಬದಲು ಬಾಡ್‌ಬ್ಯಾಂಡಿಟ್ ಅಥವಾ 8ಎನ್1 ಎಂಬ ಹಗುರ ಚಾಲಕಗಳನ್ನು ಬಳಸಿದರೆ ಅದೇ ಯಂತ್ರ ಒಂದೆರಡು ಮೆಟ್ಟಿಲು ಮೇಲೇರುತ್ತದೆ. ಅಟಾರಿ ಎಸ್‌ಟಿಯಲ್ಲಿ ಮಿತಿ ಗಡಿಯಾರದ್ದೇ: 2.4576 ಮೆಗಾಹರ್ಟ್ಸ್ ಕ್ರಿಸ್ಟಲ್ಲನ್ನು ಟೈಮರ್ ಕನಿಷ್ಠ ನಾಲ್ಕರಿಂದ, ಮತ್ತೆ ಎರಡರಿಂದ ಭಾಗಿಸಿ, ಬಳಿಕ 68901 ಚಿಪ್ಪು ಹದಿನಾರರಿಂದ ಭಾಗಿಸಿದಾಗ ಉಳಿಯುವುದು 19200. ಅದರಾಚೆ ಹೋಗಲು ಹೊರಗಿನಿಂದ ಬೇರೆ ಗಡಿಯಾರ ಕೊಡುವ ಸಣ್ಣ ಮಂಡಲವನ್ನು ಬೆಸೆಯದೆ ವಿಧಿಯಿಲ್ಲ.

ಸಾಕು ಎನ್ನುವ ತಂತಿ

ಹಳೆಯ ಯಂತ್ರ ಎಷ್ಟೇ ಚುರುಕಾಗಿದ್ದರೂ ಒಮ್ಮೊಮ್ಮೆ ಅದು ಪರದೆಯನ್ನು ಮೇಲೆ ಸರಿಸಬೇಕಾಗುತ್ತದೆ, ಡಿಸ್ಕಿಗೆ ಬರೆಯಬೇಕಾಗುತ್ತದೆ. ಆಗ ಎದುರಿನವನನ್ನು ತಡೆಯಲು (ಇದನ್ನೇ ಹ್ಯಾಂಡ್‌ಶೇಕ್ ಎನ್ನುವುದು) ಇರುವುದು ಆರ್‌ಟಿಎಸ್ ಮತ್ತು ಸಿಟಿಎಸ್ ತಂತಿಗಳು. ಒಂದು ಬದಿಯ ಆರ್‌ಟಿಎಸ್ ಇನ್ನೊಂದು ಬದಿಯ ಸಿಟಿಎಸ್‌ಗೆ ಹೋಗಬೇಕು, ಎರಡೂ ಕಡೆಗೆ. ಹಿಂದೊಮ್ಮೆ ಎರಡು ಸಂಜೆಗಳನ್ನು ನಾನು ಒಂದು ಪಡೆಯುವ ಸುತ್ತಿನಲ್ಲಿ ಸೈಕಲ್‌ಗಳನ್ನು ಉಳಿಸುವುದರಲ್ಲೇ ಕಳೆದೆ; ಪ್ರತಿ ಬಾರಿಯೂ ಬಫರ್ ತುಂಬಿದ ಮೇಲೆಯೇ ಬೈಟುಗಳು ಮಾಯವಾಗುತ್ತಿದ್ದವು. ಕೊನೆಗೆ ಮಲ್ಟಿಮೀಟರಿನಿಂದ ಕೇಬಲನ್ನು ಒಂದೊಂದೇ ಪಿನ್ನಿನಂತೆ ಪರೀಕ್ಷಿಸಿದಾಗ, ನಲ್ ಮೋಡೆಮ್ (ಎರಡು ಕಂಪ್ಯೂಟರುಗಳನ್ನು ನೇರವಾಗಿ ಜೋಡಿಸುವ ಕೇಬಲ್) ಎಂದು ಚೀಟಿ ಅಂಟಿಸಿಕೊಂಡಿದ್ದ ಆ ಅಚ್ಚುಕಟ್ಟಾದ ಕೇಬಲಿನ ಒಳಗೆ ಇದ್ದದ್ದು ಮೂರೇ ತಂತಿ ಎಂದು ತಿಳಿಯಿತು. ಅಂದಿನಿಂದ ಹೊಸ ಕೇಬಲ್ ಕೈಗೆ ಬಂದರೆ ಮೊದಲು ಅದರ ತಂತಿಗಳನ್ನು ಎಣಿಸುತ್ತೇನೆ.

ತಂತಿ ಇದ್ದರೂ ಸಾಲದು, ಸಾಕು ಎಂದು ತಿಳಿಸಲು ಅದನ್ನು ಸಾಕಷ್ಟು ಮುಂಚೆಯೇ ಎತ್ತಬೇಕು. ಎದುರಿನ ಕಂಪ್ಯೂಟರಿನಲ್ಲಿ 16550 ಚಿಪ್ಪು ಇದ್ದರೆ ಅದರ ಸಾಲಿನಲ್ಲಿ ಆಗಲೇ ಕುಳಿತ ಹದಿನಾರು ಬೈಟುಗಳು, ಸಿಟಿಎಸ್ಸನ್ನು ಸಾಫ್ಟ್‌ವೇರ್ ಗಮನಿಸುವ ವ್ಯವಸ್ಥೆಯಲ್ಲಿ, ನೀವು ಸಾಕು ಎಂದ ಮೇಲೂ ಬಂದೇ ಬರುತ್ತವೆ. ಯುಎಸ್‌ಬಿ ಅಡಾಪ್ಟರುಗಳಲ್ಲೂ ಹೀಗೆ ಕೆಲವು ಬೈಟುಗಳು ಜಾರುತ್ತವೆ. ಬಿಬಿಸಿ ಮೈಕ್ರೋ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಕಾರ್ಯನಿರ್ವಹಣಾ ವ್ಯವಸ್ಥೆ ಬಫರಿನಲ್ಲಿ ಒಂಬತ್ತು ಬೈಟು ಜಾಗ ಉಳಿದಾಗ ಮಾತ್ರ ಆರ್‌ಟಿಎಸ್ಸನ್ನು ಎತ್ತುತ್ತದೆ. ಆ ಕಾಲದ ಸಾಧನಗಳಿಗೆ ಅದು ಸಾಕಾಗಿತ್ತು, ಹದಿನಾರು ಬೈಟು ಸಾಲಿನ ಮುಂದೆ ಸಾಲದು. ಎಫ್‌ಎಕ್ಸ್ 203 ಆಜ್ಞೆಯಿಂದ ಆ ಒಂಬತ್ತನ್ನು 64ಕ್ಕೆ ಏರಿಸಿದರೆ 9600ರಲ್ಲಿ ಕಾಡುತ್ತಿದ್ದ ಸೋರಿಕೆ ನಿಲ್ಲುತ್ತದೆ. ಪಡೆಯುವ ವೇಗಕ್ಕೆ ಎಫ್‌ಎಕ್ಸ್ 7, ಕಳುಹಿಸುವ ವೇಗಕ್ಕೆ ಎಫ್‌ಎಕ್ಸ್ 8; ಎರಡರಲ್ಲೂ 7 ಎಂದರೆ 9600, 8 ಎಂದರೆ 19200. ಅಂದ ಹಾಗೆ ಆ ಯಂತ್ರದ ಐದು ಪಿನ್ನಿನ ಸೀರಿಯಲ್ ಪ್ಲಗ್ಗು ತಲೆಕೆಳಗಾಗಿಯೂ ಸಲೀಸಾಗಿ ಕೂರುತ್ತದೆ, ಏನೂ ಬರುತ್ತಿಲ್ಲವೆಂದರೆ ಮೊದಲು ಅದನ್ನು ತಿರುಗಿಸಿ ನೋಡಿ.

6551ರಲ್ಲಿ ಇನ್ನೊಂದು ತೊಡಕಿದೆ: ಕಮಾಂಡ್ ರಿಜಿಸ್ಟರಿನ ಮೂಲಕ ಆರ್‌ಟಿಎಸ್ಸನ್ನು ಎತ್ತಿದರೆ ಚಿಪ್ಪಿನ ಕಳುಹಿಸುವ ಭಾಗವೂ ಜೊತೆಯಲ್ಲೇ ನಿಂತುಹೋಗುತ್ತದೆ. ಹೊರಹೋಗುತ್ತಿರುವ ಬೈಟು ಮುಗಿಯುವುದನ್ನು ಕಾದು ಆಮೇಲೆ ಎತ್ತುವುದು ಕ್ಷೇಮ. ಅಟಾರಿ ಎಸ್‌ಟಿಯ ಕಾರ್ಯನಿರ್ವಹಣಾ ವ್ಯವಸ್ಥೆಯಾದ ಟಾಸ್‌ನ ಹಳೆಯ ಆವೃತ್ತಿಗಳಲ್ಲಂತೂ ಆರ್‌ಟಿಎಸ್-ಸಿಟಿಎಸ್ ವ್ಯವಸ್ಥೆಯೇ ಸರಿಯಾಗಿ ನಡೆಯುವುದಿಲ್ಲ. ಅದನ್ನು ತಿದ್ದುವ ಪ್ರೋಗ್ರಾಮನ್ನು ಆಟೋ ಫೋಲ್ಡರಿನಲ್ಲಿ ಇರಿಸಿದ ಮೇಲೆಯೇ ವೇಗದ ಮಾತು. ಎಕ್ಸ್‌ಆನ್-ಎಕ್ಸ್‌ಆಫ್ ಪದ್ಧತಿಯು 17 ಮತ್ತು 19 ಎಂಬ ಬೆಲೆಗಳನ್ನೇ ಸಂಕೇತವಾಗಿ ಬಳಸುವುದರಿಂದ ಡಿಸ್ಕ್ ಪ್ರತಿಯಂತಹ ಕಡತಗಳಿಗೆ ಅದು ಸಲ್ಲದು.

ಹ್ಯಾಂಡ್‌ಶೇಕ್ ತಂತಿಯೇ ಇಲ್ಲದ ಯಂತ್ರದಲ್ಲಿ ಒಂದು ಪುಟ್ಟ ಉಪಾಯ ಆಪತ್ತಿಗಾಗುತ್ತದೆ. ಕಳುಹಿಸುವ ಹೊಸ ಕಂಪ್ಯೂಟರಿನಲ್ಲಿ ಮಾತ್ರ ಎರಡು ಸ್ಟಾಪ್ ಬಿಟ್ ಎಂದು ಹೊಂದಿಸಿ. ಪಡೆಯುವ ಬದಿ ಒಂದೇ ಎಂದುಕೊಂಡಿದ್ದರೂ ತೊಂದರೆಯಿಲ್ಲ, ಎರಡನೆಯದು ಅದಕ್ಕೆ ಬರಿಯ ಬಿಡುವಾಗಿ ಕಾಣುತ್ತದೆ. 9600ರಲ್ಲಿ ಬೈಟಿಗೆ ನೂರು ಮೈಕ್ರೋಸೆಕೆಂಡಿಗೂ ಹೆಚ್ಚು ಸಮಯ ಹೀಗೆ ದಕ್ಕುತ್ತದೆ. ವೇಗ ಹನ್ನೊಂದರಲ್ಲಿ ಒಂದು ಪಾಲಿನಷ್ಟು ತಗ್ಗುವುದು ನಿಜ, ಆದರೆ 4800ಕ್ಕೆ ಇಳಿಯುವುದಕ್ಕಿಂತ ಇದು ಎಷ್ಟೋ ಮೇಲು.

ಮೂಗಿಗಿಂತ ಭಾರವಾದ ಮೂಗುತಿ

ತಂತಿ ತಪ್ಪಿಲ್ಲದೆ ಓಡತೊಡಗಿದ ಮೇಲೆ ಪ್ರೋಟೋಕಾಲನ್ನು ನೋಡಬೇಕು. ಎಕ್ಸ್‌ಮೋಡೆಮ್ 1977ರ ರಚನೆ. 128 ಬೈಟಿನ ಬ್ಲಾಕನ್ನು ಕಳುಹಿಸಿ, ಸಿಕ್ಕಿತು ಎಂಬ ಒಂದು ಬೈಟಿನ ಉತ್ತರ ಬರುವವರೆಗೆ ಸುಮ್ಮನಿರುತ್ತದೆ. ತಲೆ ಬಾಲ ಸೇರಿ 132 ಬೈಟುಗಳಾಗುವ ಬ್ಲಾಕು 9600ರಲ್ಲಿ 137 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ, 38400ರಲ್ಲಿ 34. ಆದರೆ ಎಫ್‌ಟಿಡಿಐ ಚಿಪ್ಪಿನ ಯುಎಸ್‌ಬಿ ಅಡಾಪ್ಟರು ತನಗೆ ಬಂದ ಒಂಟಿ ಬೈಟನ್ನು ಕಂಪ್ಯೂಟರಿಗೆ ಕೂಡಲೇ ದಾಟಿಸದೆ, ಇನ್ನಷ್ಟು ಬರಬಹುದೆಂದು 16 ಮಿಲಿಸೆಕೆಂಡ್‌ವರೆಗೆ ಇಟ್ಟುಕೊಳ್ಳುತ್ತದೆ. 137ರ ಪಕ್ಕದಲ್ಲಿ 16 ಲೆಕ್ಕಕ್ಕಿಲ್ಲ; 34ರ ಪಕ್ಕದಲ್ಲಿ ಅದು ಒಟ್ಟು ಸಮಯದ ಮೂರನೇ ಒಂದು ಪಾಲು. ಚಾಲಕದ ಸೆಟ್ಟಿಂಗಿನಲ್ಲಿ ಲೇಟೆನ್ಸಿ ಟೈಮರ್ ಎಂಬುದನ್ನು 16ರಿಂದ 1ಕ್ಕೆ ಇಳಿಸಿದರೆ ಹಳೆಯ ಯಂತ್ರವನ್ನು ಮುಟ್ಟದೆಯೇ ವೇಗ ಏರುತ್ತದೆ. 1024 ಬೈಟಿನ ಬ್ಲಾಕು ಬಳಸುವ ಎಕ್ಸ್‌ಮೋಡೆಮ್-1ಕೆ ಇದ್ದರೆ ಇನ್ನೂ ಮೇಲು, ಕಾಯುವ ಸಂದರ್ಭಗಳೇ ಎಂಟನೇ ಒಂದಕ್ಕೆ ಇಳಿಯುತ್ತವೆ. ಜೆಡ್‌ಮೋಡೆಮ್ ಉತ್ತರಕ್ಕೆ ಕಾಯದೆ ಹರಿಸುತ್ತಲೇ ಹೋಗುತ್ತದೆ, ಆದರೆ ಪಡೆಯುವವನು ಬಫರ್, ಡಿಸ್ಕ್ ಮತ್ತು ಹ್ಯಾಂಡ್‌ಶೇಕ್ ಎಲ್ಲದರಲ್ಲೂ ಗಟ್ಟಿಯಾಗಿದ್ದರೆ ಮಾತ್ರ ಅದು ಹಿತ. ಅಮಿಗಾ, ಎಸ್‌ಟಿಗಳಿಗೆ ಒಪ್ಪುತ್ತದೆ, ಎಂಟು ಬಿಟ್ಟಿನ ಯಂತ್ರಗಳಿಗೆ ನಾನು 1ಕೆಯನ್ನೇ ಆರಿಸುತ್ತೇನೆ. ಬ್ಲಾಕು ಸರಿಯಾಗಿದೆಯೇ ಎಂದು ಪರೀಕ್ಷಿಸುವ ಸಂಖ್ಯೆಯಾದ ಸಿಆರ್‌ಸಿಯನ್ನು ಬಿಟ್ ಬಿಟ್ಟಾಗಿ ಲೆಕ್ಕ ಹಾಕುವ ತಂತ್ರಾಂಶ ಬೈಟಿಗೆ ಎಂಟು ಸುತ್ತು ಸುತ್ತುತ್ತದೆ. 512 ಬೈಟಿನ ಕೋಷ್ಟಕವನ್ನು ಮೆಮೊರಿಯಲ್ಲಿ ಇರಿಸಿಕೊಂಡು ನೋಡುವ ತಂತ್ರಾಂಶ ಒಂದೇ ಬಾರಿಗೆ ಮುಗಿಸುತ್ತದೆ.

ಇಷ್ಟೆಲ್ಲ ಆದ ಮೇಲೆ ಎದುರಾಗುವ ಗೋಡೆ ಡಿಸ್ಕ್ ಡ್ರೈವ್. 1541 ತನ್ನ ಮೂಲ ರೂಪದಲ್ಲಿ ಸೆಕೆಂಡಿಗೆ ಸುಮಾರು 400 ಬೈಟುಗಳನ್ನಷ್ಟೇ ಓದಿ ಕೊಡುತ್ತದೆ. 2400 ಬಾಡ್‌ನ 240 ಬೈಟುಗಳಿಗೆ ಅದು ಸಾಕಿತ್ತು, 9600ರ 960ಕ್ಕೆ ಸಾಲದು. ಮೇಲಾಗಿ ಡ್ರೈವಿನೊಂದಿಗೆ ಮಾತನಾಡುವಾಗ ಸೀರಿಯಲ್ ಇಂಟರಪ್ಟುಗಳನ್ನು ನಿಲ್ಲಿಸಬೇಕಾಗುವುದರಿಂದ ಎರಡೂ ಒಟ್ಟಿಗೆ ಸಾಗುವುದಿಲ್ಲ. ಜಿಫಿಡಾಸ್ ರಾಮ್ ಹಾಕಿ ಡ್ರೈವನ್ನು ಚುರುಕುಗೊಳಿಸಬಹುದು. ಮೆಮೊರಿ ವಿಸ್ತರಣೆ ಇದ್ದರೆ ಕಡತವನ್ನು ಮೊದಲು ಅಲ್ಲಿ ಪೂರ್ತಿ ಪಡೆದುಕೊಂಡು, ತಂತಿಯನ್ನು ನಿಲ್ಲಿಸಿ, ಆಮೇಲೆ ಡಿಸ್ಕಿಗೆ ಬರೆಯಬಹುದು. ಎರಡೂ ಇಲ್ಲವಾದರೆ ಒಂದೇ ಕಡತವನ್ನು 9600ರಲ್ಲೊಮ್ಮೆ, 38400ರಲ್ಲೊಮ್ಮೆ, ಮೊದಲ ಬೈಟಿನಿಂದ ಡ್ರೈವಿನ ದೀಪ ಆರುವವರೆಗೆ ಗಡಿಯಾರ ಹಿಡಿದು ಅಳೆಯಿರಿ. ಎರಡೂ ಸಮಯಗಳು ಹತ್ತಿರ ಹತ್ತಿರ ಬಂದರೆ ಸೆಟ್ಟಿಂಗನ್ನು 9600ರಲ್ಲೇ ಬಿಟ್ಟು, ಕಾರ್ಟ್ರಿಡ್ಜಿಗೆ ಇಡಬೇಕೆಂದಿದ್ದ ಹಣವನ್ನು ಡ್ರೈವಿನ ಮೇಲೆ ಹಾಕಿ.